ಎರಡು ಗುರುತು

ಬೆಳಿಗ್ಗೆ ಆರೂವರೆ. ಹ್ಯಾಲಿಫ್ಯಾಕ್ಸಿನ ಬಂದರಿನ ಮೇಲೆ ಮಂಜು.
ರಕ್ತ ಕೊಡಬಂದವರ ಸಾಲಿನಲ್ಲಿ ಒದ್ದೆ ಬೂಟುಗಳು,
ಉಪವಾಸದ ಮುಖಗಳು, ಕಾಫಿಯಿಲ್ಲದ ಸಿಡುಕು.
ಮೂರನೆಯ ಕುರ್ಚಿ ನನ್ನದು.

ಯಂತ್ರ ನಾಲಗೆ ಚಾಚಿದ ಹಾಗೆ ಚೀಟಿ ಹೊರಬಂತು:
ಮಕ್‌ಆಸ್ಕಿಲ್, ಫರ್ಗಸ್.
ನನ್ನ ಚೀಲದಲ್ಲಿ ಅರ್ಧ ತುಂಬಿದ ಅರ್ಜಿ,
ಅರ್ಜಿ ಓದುವ ಸಮಿತಿಗೆ ಇವರೇ ಹಿರಿಯರು.
ಮೆಡಿಕಲ್ ಕಾಲೇಜಿನ ಕೈಪಿಡಿಯ ಎರಡನೆಯ ಪುಟದಲ್ಲಿ ನಗುತ್ತಾರೆ,
ಇಲ್ಲಿಗಿಂತ ಹತ್ತು ವರ್ಷ ಚಿಕ್ಕವರಾಗಿ.

ಗೊತ್ತಿದ್ದರೂ ಕೇಳಬೇಕು. ನಿಯಮ.
"ನಿಮ್ಮ ಹೆಸರು ಹೇಳಿ."
ಹೇಳಿದರು.
"ಹುಟ್ಟಿದ ದಿನಾಂಕ?"
ಅದನ್ನೂ ಹೇಳಿದರು, ಹಾಜರಿ ಕೂಗಿದಾಗ ಎದ್ದು ನಿಂತ ಹುಡುಗನಂತೆ.

ಬರ್ನಡೀನ್ ಡೌನಿ, ಇಪ್ಪತ್ತಾರು ವರ್ಷ ಸೂಜಿ ಹಿಡಿದವಳು,
ಪ್ರೆಸ್ಟನ್ನಿನಿಂದ ಮೊದಲ ಬಸ್ಸಿಗೆ ಬರುವವಳು,
ನಾನು ಸೇರಿದ ವಾರವೇ ಹೇಳಿದ್ದಳು:
"ದೊಡ್ಡವರು ಬರ್ತಾರೆ ಕಣೇ ಒಡೆಟ್.
ಅವರು ತೋಳು ಕೊಡೋದು ನಿನ್ನ ಕೈ ಕುಲುಕೋಕಲ್ಲ.
ಪಟ್ಟಿ ಬಿಗಿದಾಗ ಏನನ್ನೂ ಕೇಳಬೇಡ,
ಸೂಜಿ ಒಳಗಿರುವಾಗ ಯಾರೂ ಇಲ್ಲ ಅನ್ನಲ್ಲ,
ಆ ಹೂಂ ಹೂಂ ಅಲ್ಲ.
ಚಳಿಯ ಮಾತಾಡು. ನಾಯಿಯ ಮಾತಾಡು.
ಅವರಾಗಿ ಕೇಳಿದರೆ ಒಂದು ವಾಕ್ಯ ಹೇಳು,
ಎರಡನೆಯದನ್ನು ನುಂಗು."

ಒಂದು ವಾಕ್ಯ ನನ್ನ ಬಳಿಯಿತ್ತು, ತಿಂಗಳಿಂದ ಇಸ್ತ್ರಿ ಮಾಡಿಟ್ಟದ್ದು:
"ಸರ್, ನಾನೂ ಈ ವರ್ಷ..."
ಸ್ಪಿರಿಟ್ ಹಚ್ಚಿ ಒರೆಸಿದೆ. ಒಣಗಲು ಬಿಟ್ಟೆ.
ಆ ಮೂವತ್ತು ಸೆಕೆಂಡು
ಹಿತ್ತಲ ಬಾಗಿಲೊಂದರ ಹಿಡಿಕೆ ಹಿಡಿದು ನಿಂತಿದ್ದೆ.
ಒಳಗಿನಿಂದ ಚಿಲಕ ಹಾಕಿರಲಿಲ್ಲ.

ನರ ಉರುಳುವ ಜಾತಿಯದು.
ಹೆಬ್ಬೆರಳಲ್ಲಿ ಒತ್ತಿ ನಿಲ್ಲಿಸಿದೆ.
"ಸ್ವಲ್ಪ ಚುಚ್ಚುತ್ತೆ" ಎಂದೆ.
ನನ್ನ ಭವಿಷ್ಯದೊಡನೆ ಅಂದು ನಾನಾಡಿದ್ದು ಅಷ್ಟೇ.

ನೀಲಿ ಮುಚ್ಚಳ. ಬಂಗಾರದ್ದು. ನೇರಳೆ.
ಚೀಟಿಯ ಕೆಳಸಾಲಿನಲ್ಲಿ ಒಂದು ಪರೀಕ್ಷೆಯ ಹೆಸರಿತ್ತು.
ಅದನ್ನು ಯಾಕೆ ಬರೆಸುತ್ತಾರೆಂದು ನನಗೆ ಗೊತ್ತು.
ನಿಮಗೆ ಹೇಳುವುದಿಲ್ಲ.
ಅವರು ಗೋಡೆ ನೋಡುತ್ತಿದ್ದರು.
ಗೋಡೆಯಲ್ಲಿ ಕೈ ತೊಳೆಯುವ ವಿಧಾನ ಬಿಟ್ಟು ಬೇರೇನೂ ಇರಲಿಲ್ಲ,
ಅದನ್ನೇ ಎರಡು ಸಲ ಓದಿದರು.

ಹತ್ತಿ ಒತ್ತಿ ಹಿಡಿಯಿರಿ ಎಂದೆ. ಹಿಡಿದರು.
ಎದೆಯ ಮೇಲಿನ ನನ್ನ ಹೆಸರು ನೋಡಿ
"ನೋವಾಗಲಿಲ್ಲ, ಒಡೆಟ್" ಎಂದರು.
ಇಸ್ತ್ರಿ ಮಾಡಿದ ವಾಕ್ಯ ಎದ್ದು ನಿಂತಿತು.
ಕೂರಿಸಿದೆ.
ಮುಂದಿನವರನ್ನು ಕರೆದೆ.

ಫೆಬ್ರವರಿ. ಉದ್ದ ಮೇಜು, ನೀರಿನ ಹೂಜಿ.
ಚಿಕ್ಕಮ್ಮನ ಕಪ್ಪು ಕೋಟು ನನ್ನ ಕೈಗೆ ಎರಡು ಬೆರಳು ಉದ್ದ.
ನಾಲ್ವರಲ್ಲಿ ನಡುವೆ ಅವರು, ಇಳಿದುಹೋಗಿ,
ಕಾಲರು ಕತ್ತಿಗೆ ತಾಗದೆ.
"ನಿಮ್ಮ ಹೆಸರು ಹೇಳಿ" ಎಂದರು, ಕಡತ ಎದುರಿಗೇ ಇದ್ದರೂ.
ಒಡೆಟ್ ಕೊಮೊ.
ಹುಟ್ಟಿದ ದಿನಾಂಕವನ್ನೂ ಹೇಳಿಬಿಡುವವಳಿದ್ದೆ.

ಎಡಗಡೆಯ ಡಾಕ್ಟರ್ ಥಾರ್ನ್‌ಹಿಲ್ ಪುಟ ತಿರುವಿ,
"ರಕ್ತ ತೆಗೆಯುವ ಕೆಲಸವಂತೆ,
ನಮ್ಮಲ್ಲಿ ಯಾರನ್ನಾದರೂ ಅಲ್ಲಿ ಕಂಡದ್ದುಂಟೆ?"
ಎಂದು ನಕ್ಕರು. ತಮಾಷೆಗೇ.
ಮೇಜಿನ ಕೆಳಗೆ ಅಲುಗುತ್ತಿದ್ದ ಯಾರದೋ ಬೂಟು ನಿಂತಿತು.

ಬಾಯಿ ಬಿಟ್ಟರೆ ಬಣ್ಣಗೇಡು.
ಆದರೆ ಬಣ್ಣ ನನ್ನದಲ್ಲ.
"ಅಲ್ಲಿಗೆ ಯಾರು ಬಂದರೆಂದು ಹೇಳುವ ಹಾಗಿಲ್ಲ, ಡಾಕ್ಟರ್,
ಯಾರು ಬರಲಿಲ್ಲವೆಂದೂ."

ಮೂರು ಪೆನ್ನುಗಳು ಏನೋ ಬರೆದುಕೊಂಡವು.
ಅವರ ಬಲಗೈ ಎಡಮೊಣಕೈಯ ಮಡಿಕೆಗೆ ಹೋಗಿ
ಕೋಟಿನ ಮೇಲಿಂದಲೇ
ಒತ್ತಿ ಹಿಡಿದಿತ್ತು, ನಾನು ಹೇಳಿಕೊಟ್ಟ ಹಾಗೆ.

ಆಮೇಲೆ ಎದ್ದರು.
"ಈ ಕಡತ ನೀವು ಮೂವರೇ ನೋಡಿ" ಎಂದು
ತಮ್ಮ ಖಾಲಿ ಹಾಳೆಯನ್ನು ಬೋರಲು ಹಾಕಿ,
ನನ್ನತ್ತ ತಿರುಗದೆ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು.
ನನ್ನ ಪರವಾಗಿ ಬೀಳಬಹುದಾಗಿದ್ದ ಒಂದು ಮತ
ಓಣಿಯುದ್ದಕ್ಕೂ ನಡೆದುಹೋಗುವ ಸದ್ದು.

ಸೋಮವಾರ ಬರ್ನಡೀನ್ ಕೇಳಿದಳು, "ಯಾರ್ಯಾರಿದ್ದರೇ?"
"ನಾಲ್ವರು" ಎಂದೆ. "ಆಮೇಲೆ ಮೂವರು."
ನನ್ನ ಮುಖ ನೋಡಿದಳು.
ಮತ್ತೇನೂ ಕೇಳದೆ
ನೇರಳೆ ಮುಚ್ಚಳದ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದಳು.