ಹೊಗೆಯ ಲೆಕ್ಕ

ಮಂಗಳವಾರ. ಒಂಬತ್ತೂವರೆಯಾದರೂ
ಬೆಳಕು ಹರಿಯದ ಕಯಾನಿಯ ಡಿಸೆಂಬರು.
ಕೇಳುವ ಮೊದಲೇ ತೋಳು ಚಾಚುತ್ತಾನೆ ಆರ್ಮಸ್.
ಹದಿನೇಳನೆಯ ವಾರ. ಯಾವ ನರ ಕೊಡುತ್ತದೆ, ಯಾವುದು ಜಾರುತ್ತದೆ
ಅವನಿಗೂ ಗೊತ್ತು, ನನ್ನ ಸೂಜಿಗೂ ಗೊತ್ತು.

ಬಿಳಿ ಕಣ ಎಣಿಸಬೇಕು.
ತಲೆಯೊಳಗಿನ ಗದ್ದಲ ಅಡಗಿಸುವ ಈ ಗುಳಿಗೆ
ನೂರರಲ್ಲಿ ಒಬ್ಬರಿಗೆ
ಮೂಳೆಯ ಕಾವಲುಗಾರರನ್ನೂ ಮನೆಗೆ ಕಳಿಸುತ್ತದೆ.
ಆಮೇಲೆ ಬರಿಯ ಗಂಟಲುನೋವು ಮಸಣದ ತನಕ ಹೋದೀತು.
ನಮ್ಮ ನಾಡಿನಲ್ಲೇ ಹೋಗಿತ್ತು, ನಾನಿನ್ನೂ ಶಾಲೆಗೆ ಸೇರದ ವರ್ಷ.

ಹಿಂದಿನ ಗುಳಿಗೆಗಳೆಲ್ಲ ಇವನೆದುರು ಸೋತವು.
ಡೋಪಮಿನ್ನಿನ ಬಾಗಿಲಿಗೆ ಅಗುಳಿ ಜಡಿದು ಕೂತವು.
ಕೈ ನಡುಗಿತು, ಕಾಲು ನಿಂತಲ್ಲಿ ನಿಲ್ಲಲಿಲ್ಲ,
ಗೋಡೆಯ ರೇಡಿಯೇಟರ್ ಮಾತ್ರ
ಇವನೊಡನೆ ಮಾತಾಡುತ್ತಲೇ ಇತ್ತು.
ಇದು ಹಾಗಲ್ಲ. ಆ ಚಿಲಕವನ್ನು ಮುಟ್ಟಿ ಬಿಡುತ್ತದೆ,
ಇನ್ನೂ ಹತ್ತು ಬಾಗಿಲು ತಟ್ಟುತ್ತದೆ.
ಯಾವುದರಿಂದ ಗುಣವಾಯಿತು ಎಂದರೆ
ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾರೆ.

ಅಕ್ಟೋಬರಿನಲ್ಲಿ, ವಾರ್ಡಿನಲ್ಲಿದ್ದಾಗ, ಸಿಗರೇಟು ಬಿಟ್ಟ.
ಅಕ್ಕ ಹೆಲ್ಕಾ ಏಲಕ್ಕಿ ಬನ್ನು ತಂದು ಎಲ್ಲರಿಗೂ ಹಂಚಿದಳು.
ಎಂಟನೆಯ ಬೆಳಿಗ್ಗೆ ಇವನು ಏಳಲೇ ಇಲ್ಲ.
ದಿಂಬೆಲ್ಲ ಜೊಲ್ಲು. ನಾಲಿಗೆಯಲ್ಲಿ ಮಾತು ಹಿಟ್ಟಾಗಿತ್ತು.
ಗುಳಿಗೆ ಅದೇ, ಹೊತ್ತು ಅದೇ,
ರಕ್ತದಲ್ಲಿ ಮಾತ್ರ ಇಮ್ಮಡಿ.

ಹೊಗೆ, ಇಷ್ಟು ವರ್ಷ, ಯಾರಿಗೂ ಹೇಳದೆ
ಯಕೃತ್ತಿನಲ್ಲಿ ಆಳುಗಳನ್ನು ಎಬ್ಬಿಸಿ ನಿಲ್ಲಿಸಿತ್ತು.
ಬಂದ ಮದ್ದಿನಲ್ಲಿ ಅರ್ಧವನ್ನು ಅವರು ಅರೆದು ಚೆಲ್ಲುತ್ತಿದ್ದರು.
ಹೊಗೆ ನಿಂತಿತು; ಆಳುಗಳು ಮಲಗಿಬಿಟ್ಟರು.
‘ಯಾರೋ ನನಗೆ ಮದ್ದು ಹಾಕಿದ್ದಾರೆ’ ಎಂದು ತೊದಲಿದ.
ಹೌದು ಆರ್ಮಸ್,
ನಾವೇ.

ಗುಳಿಗೆ ಅರ್ಧವಾಯಿತು. ಮನೆಗೆ ಹೋದ.
ಈಗ ಹಚ್ಚದ ಒಂದು ಸಿಗರೇಟನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ,
ಸೂಜಿ ಚುಚ್ಚುವಾಗ ಅದನ್ನೇ ಹಿಡಿದಿರುತ್ತಾನೆ.
ರೇಡಿಯೇಟರ್?
‘ಬಿಸಿ ಕೊಡುತ್ತದೆ, ಅಷ್ಟೇ.’

ಹತ್ತಿ ಒತ್ತಿಕೊಂಡು, ಕಿಟಕಿ ನೋಡುತ್ತ, ಹೇಳಿದ:
‘ಬೈಯುವ ದನಿಗಳು ಹೋದದ್ದು ಒಳ್ಳೆಯದೇ ಆಯಿತು.
ಬೆಳಿಗ್ಗೆ ಹೆಸರು ಹಿಡಿದು ಎಬ್ಬಿಸುವುದೊಂದಿತ್ತು.
ಅದೂ ಹೋಯಿತು.
ಅಲಾರಾಂ ಕೊಂಡೆ.
ಅದಕ್ಕೆ ನನ್ನ ಹೆಸರು ಬರುವುದಿಲ್ಲ.’

ಸೀಸೆಗೆ ಚೀಟಿ ಅಂಟಿಸುವ ಮುನ್ನ
ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದೆ,
ಮೊದಲ ಹೆಸರು, ಮನೆತನದ ಹೆಸರು, ಎರಡು ಸಲ.
ನಿಯಮ ಒಂದೇ ಸಲ ಅನ್ನುತ್ತದೆ.