ಉಳಿದ ಇನ್ನೂರಾ ಹದಿಮೂರು ಅಡಿ

ಕೊಲ್ಲಾಪುರದಿಂದ ಎಸ್.ಟಿ. ಬಸ್ಸಿನಾಗ
ಕಂಡಕ್ಟರನ ಸೀಟಿನ ಬುಡಕ
ಬೆಲ್ಲದ ಪೆಂಟಿಗೆ ಆತುಕೊಂಡು ಬರತಿತ್ತು ತಗಡಿನ ಡಬ್ಬಿ.
ಮುಚ್ಚಳದ ಸುತ್ತ ಪಟ್ಟಿ, ಪಟ್ಟಿ ಮ್ಯಾಲ ಯಾರದೋ ಅವಸರದ ಮರಾಠಿ:
‘ಉರಲೇಲಂ. ೨೧೩ ಫೂಟ್.’
ಉಳಿದದ್ದು ಅಂತ ಅರ್ಥ.
ಹತ್ತೂರೆ ಮಾಲಕರು ಎಂದೂ ಹಂಗ ಅನಲಿಲ್ಲ.
‘ಸರಕು ಬಂತಲೇ’ ಅಂತಿದ್ರು.

ಪ್ಯಾಟ್ಯಾಗ ಒಂದು ರೀಲಿಗೆ ಹದಿನಾಲ್ಕು ರೂಪಾಯಿ ಇದ್ದಾಗ
ನಮಗ ಒಂದೂಕಾಲಕ್ಕ ಬೀಳತಿತ್ತು.
ಬಾಳಿವೇಸದಾಗ ಇದನ್ನ ಯಾರಿಗೂ ಹೇಳೂ ಹಂಗಿಲ್ಲ.

ಕತ್ತಲ ಖೋಲಿ. ಗ್ವಾಡಿಗೆ ಎರಡು ಮೊಳಿ,
ಮೊಳಿಯಿಂದ ಮೊಳಿಗೆ ಐದೂವರಿ ಅಡಿ.
ತುದಿ ತುಟಿಗೆ ಹಚ್ಚಿ ನೋಡಬೇಕು:
ಅಂಟಿದ್ರ ಮುಖ, ಜಾರಿದ್ರ ಬೆನ್ನು.
ನನಗಾಗ ಹನ್ನೊಂದು ವರ್ಷ.
ಮಂದಿ ಒಗದ ಕ್ಯಾಸೆಟ್ಟು, ಮಖಮಲ್ಲು ಹರಿದ ಬಾಯಿ,
ಅದರಾಗ ಸುತ್ತಿ ಸುತ್ತಿ ತುಂಬೂದು,
ಹೊರಗ ಗಿರಣಿ ಭೋಂಗಾ ಹೊಡಕೋತ ಇರತಿತ್ತು.

‘ಸಾವಕಾಶ ಎಳಿ’ ಅಂತಿದ್ರು ಮಾಲಕರು ಬಾಗಿಲದಾಚೆ.
ಸೋಲಾಪುರದ ಚೈತ್ರ, ಹವಾದಾಗ ಹನಿ ಪಸಿ ಇಲ್ಲ.
ಜೋರ್ ಎಳದ್ರ ಕತ್ತಲದಾಗ ನೀಲಿ ಕಿಡಿ,
ಬೆಕ್ಕಿನ ಬೆನ್ನು ಉಲ್ಟಾ ಸವರಿದಂಗ.
ಕಿಡಿ ಹಾರಿ ಆರತಿತ್ತು. ಹಾಳಿ ತೊಳದ ಮ್ಯಾಲ ಮತ್ತ ಕಾಣತಿತ್ತು,
ಯಾರದೋ ಹಣಿ ಮ್ಯಾಲ
ಎಲಿ ಉದುರಿದ ಬೆಳ್ಳನ ಗಿಡಾಗಿ.

ಬೀಡಿ ಸುತ್ತೂ ನರಸವ್ವಗ ಬಿತ್ತು ಅಂಥಾದ್ದೊಂದು.
ಕಾರ್ಡಿಗೆ ಬೇಕಾದ ಫೋಟೋ.
ಅಂಗೈದಾಗ ಇಟಗೊಂಡು ಭಾಳ ಹೊತ್ತು ನೋಡಿದಳು:
‘ನಾ ಮೀದ ಪಿಡುಗು ಪಡ್ಡದಾ?’
ನನ್ನ ಮ್ಯಾಲ ಸಿಡಿಲು ಬಿತ್ತೇನು.
ಮಾಲಕರು, ಇನ್ನೊಂದು ತೆಗೀತೀನಿ, ರೊಕ್ಕ ಬ್ಯಾಡ ಅಂದ್ರು.
ಆಕಿ ಒಲ್ಲೆ ಅಂದಳು.
ಮತ್ತ ಬಂದು ಕೂತ್ರ ಇನ್ನೂರು ಬೀಡಿ ಹೋಗತಾವಂತ.
ಆಕಿ ಹೋದ ಮ್ಯಾಲ ನನ್ನ ಕಪಾಳಕ್ಕ ಬಿತ್ತು,
ಅದೂ ಸಾವಕಾಶನ.

ಪ್ಯಾಟಿ ರೀಲಿನ ಅಂಚಿಗೆ ಒಂದು, ಎರಡು, ಮೂರು, ಮೂವತ್ತಾರು.
ನಮ್ಮದರ ಅಂಚಿಗೆ ಅಡಿ ಲೆಕ್ಕ.
ವಹಿಯಾಗ ಹೆಸರಿನ ಮುಂದ ಅದನ್ನ ಬರೀತಿದ್ದೆ:
ಜೋಡಣಿ ಖಾತೆಯ ಮಲ್ಕಣ್ಣ, ೧೯೪.
ಮಗಳ ಮದಿವಿ ನಿಶ್ಚಯದ ಫೋಟೋ, ೨೬೦ರಿಂದ ೨೬೩.
ನರಸವ್ವ, ೩೧೧.
ಒಂದಡಿಗೆ ಎಂಟು ಮಂದಿ.
ಪಿಚ್ಚರದಾಗ ಒಂದಡಿ ಅಂದ್ರ ರೆಪ್ಪಿ ಬಡಿಯೂದ್ರಾಗ ಹೋಗೇಬಿಡತದ,
ನಮ್ಮಲ್ಲಿ ಎಂಟು ಮಂದಿ ಒಬ್ಬರ ಬೆನ್ನಿಗೆ ಒಬ್ಬರು
ಸ್ಟೂಲಿನ ಮ್ಯಾಲ ಉಸಿರು ಹಿಡಕೊಂಡು ಕೂತಿರತಿದ್ರು.

ಎರಡು ವರ್ಷ ಬಿಟ್ಟು ಆ ಪಿಚ್ಚರ ಊರಿಗೆ ಬಂತು.
ಕುದುರಿ, ಬಾವಿ, ಸಂಜೀ ಬಿಸಿಲು, ಅಷ್ಟ ಗೊತ್ತಿತ್ತು ನನಗ,
ಡಬ್ಬಿ ತಂದಾವ ಹೇಳಿದ್ದು.
ಬೆಂಚಿನ ಕ್ಲಾಸು. ಕಡ್ಲಿ ಸಿಪ್ಪಿ, ತಗಣಿ.
ಕುದುರಿ ಬಾವಿ ಹತ್ರ ಬಂದು ನಿಂತು
ಒಮ್ಮೆ ಕತ್ತು ಕೊಡವಿತು.
ಕಟ್.
ಅಲ್ಲಿಂದ ಹಾಡು ಸುರು, ಮಂದಿ ಸೀಟಿ ಹೊಡದ್ರು.

ನಾ ಮಾತ್ರ ಅಲ್ಲೇ ನಿಂತಿದ್ದೆ, ೧೮೭ರ ಮ್ಯಾಲ.
೧೮೮ ಯಾರು ಅಂತ ನನಗ ಗೊತ್ತಿತ್ತು.
ಈ ಮಷೀನಿಗೆ ಹಾಕಿದ್ರ ಅವರು ಅರ್ಧಾ ಅರ್ಧಾನ ಬೀಳತಾರ,
ಒಂದು ಚೌಕಿನ್ಯಾಗ ತಲಿ, ಮುಂದಿನದ್ರಾಗ ಹೆಗಲು,
ತಲಿ, ಹೆಗಲು, ತಲಿ, ಹೆಗಲು,
ಇಡೀ ಗಿರಣಿಗಾಂವ ಪರದಿ ಮ್ಯಾಲ
ಎರಡೂಕಾಲು ಮಿನಿಟಿನಾಗ ಮುಗೀತದ.
ನರಸವ್ವ ಬಂದಾಗ ಫಕ್ ಅಂತ ಸಿಡಿಲು.
ಆಮ್ಯಾಲ ಹಿಟ್ಟಿನ ಗಿರಣಿ ಶೇಕಪ್ಪ, ಕಣ್ಣು ಮುಚ್ಯಾನ.
ಅವನ ರೊಕ್ಕ ಇನ್ನೂ ಬಾಕಿ.

ಮಾಲಕರು ಬಟನ್ ಒತ್ತಿದ ಮ್ಯಾಲ ಒಂದು ಮಾತು ಹೇಳೂದಿತ್ತು,
ದಿನಕ್ಕ ನಲವತ್ತು ಸಲ.
ನನ್ನ ಬಾಯಾಗ ತಾನಾ ಬಂತು, ಜೋರಾಗೇ ಬಂತು ಕಾಣತದ:
‘ಆತು. ಉಸಿರು ಬಿಡ್ರಿ.’
ಮುಂದಿನ ಬೆಂಚಿನಾಂವ ತಿರುಗಿ ನೋಡಿದ,
‘ಕಾಯ್ ಝಾಲಂ ರೇ?’