ಮೊಣಕಾಲಿನ ಬಣ್ಣ

ಮುಖಕ್ಕೆ ಹತ್ತು ನಿಮಿಷ ಸಾಕು.
ಮೊಣಕಾಲಿಗೆ ಅರ್ಧ ಗಂಟೆ ಹಿಡಿಯುತ್ತದೆ.
ನಿನ್ನೆಯ ನೀಲಿ, ಹೋದ ವಾರದ ಹಸಿರು,
ಅದರಡಿಗೆ ಇನ್ನೂ ಹಳೆಯ ಹಳದಿ,
ಒಂದರ ಮೇಲೊಂದು.

ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು,
ಬುಡಾಪೆಸ್ಟಿನ ಹೊರವಲಯದ ಬಾಡಿಗೆ ಬಂಗಲೆಗಳಲ್ಲಿ.
ಯಾರಾದರೂ ಕೇಳಿದರೆ
ಮದುಮಗಳಿಗೆ ಅಲಂಕಾರ ಮಾಡುತ್ತೇನೆ ಅನ್ನುತ್ತೇನೆ.
ಪೂರಾ ಸುಳ್ಳಲ್ಲ. ಕಥೆ ಹಾಗಿದ್ದ ದಿನ
ಬಿಳಿ ಮುಸುಕೂ ಇರುತ್ತದೆ.

ಅವತ್ತಿನವಳು ಎಮೆಶೆ. ಇಪ್ಪತ್ತಾರು.
ಮಿಶ್ಕೋಲ್ತ್ಸಿನಲ್ಲಿ ಉಕ್ಕಿನ ಕುಲುಮೆ ಆರಿಹೋದ ಓಣಿಯವಳು.
ಕಂಪನಿ ಕೊಟ್ಟ ಹೆಸರು ಬೇರೆ,
ಯಾವುದೋ ಐಸ್‌ಕ್ರೀಮಿನ ಹೆಸರಿನ ಹಾಗೆ.
ಅದನ್ನು ಕೂಗಿದರೆ
ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದಳು.

ಮೊದಲು ಕಾಗದಪತ್ರ.
ಗುರುತಿನ ಚೀಟಿ ಕೆನ್ನೆಯ ಪಕ್ಕ ಹಿಡಿದು
ಕ್ಯಾಮೆರಾಕ್ಕೆ ಹೇಳಬೇಕು:
ಇಷ್ಟಪಟ್ಟು ಬಂದಿದ್ದೇನೆ, ಯಾರ ಬಲವಂತವೂ ಇಲ್ಲ, ಕುಡಿದಿಲ್ಲ.
ನಗಬೇಕು. ನಕ್ಕದ್ದು ಸಾಲದಿದ್ದರೆ ಇನ್ನೊಮ್ಮೆ.
ಹದಿನಾಲ್ಕು ದಿನದೊಳಗಿನ ರಕ್ತದ ವರದಿ;
ತಪಾಸಣೆಯ ದುಡ್ಡು ಅವಳದೇ, ರೈಲಿನ ಟಿಕೆಟ್ಟೂ.
ಕೊನೆಗೆ ಒಂದು ಪಟ್ಟಿ.
ಯಾವುದು ಒಲ್ಲೆಯೋ ಅದಕ್ಕೆ ಗೀಟು ಎಳೆ.
ಮೂರಕ್ಕೆ ಎಳೆದಳು.
ಝೊಂಬೋರ್ ಓದಿ, ಪೆನ್ನಿನ ಟೋಪಿ ಮುಚ್ಚಿ,
'ಆಯ್ತು, ಆಮೇಲೆ ಮಾತಾಡೋಣ' ಅಂದ.

ಈ ಮನೆಗಳಲ್ಲಿ ಎಂಥೆಂಥ ಬೈಗುಳ ಕೇಳಿದ್ದೇನೆ.
ಹೊಟ್ಟೆಯಲ್ಲಿ ಚಳಿ ಹುಟ್ಟಿಸುವುದು ಮಾತ್ರ
ಈ 'ಆಮೇಲೆ'.

ಅದು ಮಧ್ಯಾಹ್ನ ಮೂರಕ್ಕೆ ಬಂತು.
ಲೈಟಿನ ಬಾಡಿಗೆ ಓಡುತ್ತಿದೆ.
ಮನೆಯೊಡೆಯ ಆರಕ್ಕೆ ಬೀಗ ಕೇಳುತ್ತಾನೆ.
ಬಾಲಿಂತ್ ಪಾಪ ಬಚ್ಚಲಲ್ಲಿ ಸೂಜಿ ಚುಚ್ಚಿಕೊಂಡು
ನಾಡಿ ಹಿಡಿದು, ಗಡಿಯಾರ ನೋಡುತ್ತ ಕೂತಿದ್ದಾನೆ.
ಇನ್ನೂರು ಯೂರೋ ಹೆಚ್ಚಿಗೆ.
ಇಲ್ಲವಾದರೆ ಬರುವ ತಿಂಗಳು ಕರೆಯೋದು ಕಷ್ಟ, ನೋಡು.
ಯಾರೂ ದನಿ ಎತ್ತಲಿಲ್ಲ.
ಎಲ್ಲರೂ ಮೆಲ್ಲಗೆ, ಅಕ್ಕರೆಯಿಂದಲೇ ಹೇಳಿದರು.
ಅವಳು ನನ್ನತ್ತ ನೋಡಿದಳು.
ನಾನು ಬ್ರಷ್ಷು ತೊಳೆಯುತ್ತಿದ್ದೆ,
ತೊಳೆದಿಟ್ಟ ಬ್ರಷ್ಷನ್ನೇ.

ಮೂರು ಗೀಟು ಎರಡಾಯಿತು.

ಮುಗಿದ ಮೇಲೆ ಅಡುಗೆಮನೆಗೆ ಬಂದಳು,
ಟವೆಲ್ಲಿನ ನಿಲುವಂಗಿ, ಕೈಯಲ್ಲಿ ತಣ್ಣಗಾದ ಲಾಂಗೋಶ್;
ಬೆಳಗಿಂದ ಖಾಲಿ ಹೊಟ್ಟೆ.
ಮನೆಯವರ ಫೋಟೋಗಳನ್ನೆಲ್ಲ ಗೋಡೆಗೆ ಮುಖಮಾಡಿ ತಿರುಗಿಸಿದ್ದರು,
ಬಾಗಿಲ ಚೌಕಟ್ಟನ್ನು ಮರೆತಿದ್ದರು.
ಅಲ್ಲಿ ಪೆನ್ಸಿಲ್ ಗೆರೆಗಳು, ವರ್ಷಕ್ಕೊಂದು,
ಯಾರದೋ ಮಗ ಬೆಳೆದ ಲೆಕ್ಕ.
ಬೆನ್ನು ಹಚ್ಚಿ ನಿಂತಳು. 'ಎಲ್ಲಿಗೆ ಬರ್ತೀನಿ?'
ನನ್ನ ಹತ್ತಿರ ಇದ್ದದ್ದು ಹುಬ್ಬಿನ ಪೆನ್ಸಿಲ್.
ನೆತ್ತಿಯ ಮೇಲೆ ಕಂದು ಗೆರೆ ಎಳೆದೆ.
ಹೆಸರು ಬರೆಯಲಾ ಅಂದೆ.
ಯಾವುದನ್ನ, ಅಂದಳು.

ಲಕೋಟೆಯಲ್ಲಿ ಒಂದು ಸಲದ ದುಡ್ಡು.
ಕರಾರಿನಲ್ಲಿ: 'ಸದಾಕಾಲಕ್ಕೂ, ಈಗಿರುವ ಹಾಗೂ
ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಲ್ಲೂ.'
ಬಸ್ಸಿಗೆ ಕಾಯುತ್ತ ಅಮ್ಮನಿಗೆ ಫೋನು:
ಇವತ್ತು ಹೋಟೆಲಿನಲ್ಲಿ ಗಿರಾಕಿ ಕಡಿಮೆ, ಬೇಗ ಬಿಟ್ಟರು.

ಎರಡು ವರ್ಷಕ್ಕೆ ಬಿಟ್ಟಳು. ಎಗೆರಿನಲ್ಲಿ ಬೇಕರಿ ಕೆಲಸ.
ಬ್ರೆಡ್ಡು ಕೊಳ್ಳಲು ಬಂದವನೊಬ್ಬ ಚಿಲ್ಲರೆ ಎಣಿಸುವಾಗ
ಆ ಇನ್ನೊಂದು ಹೆಸರು ಕರೆದನಂತೆ.
ಈ ಸಲ ತಡವಾಗಲಿಲ್ಲ, ತಟ್ಟನೆ ತಿರುಗಿದಳಂತೆ.
ಬಣ್ಣ ಬಯಲಾಯಿತು ಅಂದರು ಅಲ್ಲಿಯವರು.
ಬಣ್ಣ ಹಚ್ಚಿದವಳು ನಾನು.
ಬಯಲಿಗೆ ಬಿದ್ದವಳು ಅವಳು.

ಮೊನ್ನೆ ಮತ್ತೆ ಅದೇ ಮನೆ.
ಚೌಕಟ್ಟಿಗೆ ಬಿಳಿ ಪೇಂಟು ಬಳಿದಿದ್ದಾರೆ.
ಹೊಸಬಳು, ಸ್ಲೊವಾಕಿಯಾದವಳು, ಕಾಲು ಚಾಚಿ ಕೂತಳು.
ಡಬ್ಬಿ ತೆರೆದು ಬಗ್ಗಿದೆ.
ಮೊಣಕಾಲಲ್ಲಿ
ಇನ್ನೂ ಏನೂ ಇರಲಿಲ್ಲ.